ದೊರೆ ಅಳಿದರೂ ಉಳಿದ ಸಂವತ್ಸರಗಳು

ಸೌರಾಷ್ಟ್ರದ ವೇರಾವಳದಲ್ಲಿ ಹರ್ಸದ್ ಮಾತಾ ಗುಡಿಯಲ್ಲಿ ಸಿಕ್ಕ ಸಂಸ್ಕೃತ ಶಾಸನವೊಂದು ಒಂದೇ ದಿನಕ್ಕೆ ನಾಲ್ಕು ವರ್ಷಗಳನ್ನು ಹೇಳುತ್ತದೆ. ರಸೂಲ್ ಮಹಮ್ಮದರ ಸಂವತ್, ಅಂದರೆ ಹಿಜರಿ, 662, ವಿಕ್ರಮ ಸಂವತ್ 1320, ವಲಭೀ ಸಂವತ್ 945, ಸಿಂಹ ಸಂವತ್ 151. ಆಷಾಢ ಬಹುಳ ತ್ರಯೋದಶಿ, ಭಾನುವಾರ. ನಮ್ಮ ಈಗಿನ ಲೆಕ್ಕಕ್ಕೆ 1264ರ ಮೇ 25.

ಹರ್ಮುಜ್ ದ್ವೀಪದಿಂದ ಬಂದ ನಖುದಾ ನೂರುದ್ದೀನ್ ಫಿರೋಜ್ ಎಂಬ ಹಡಗಿನ ಒಡೆಯ ಸೋಮನಾಥ ಪಟ್ಟಣದ ಹೊರಗೆ ಜಾಗ ಕೊಂಡು ಮಸೀದಿ ಕಟ್ಟಿಸಿದ. ಆಗ ಗುಜರಾತನ್ನು ಆಳುತ್ತಿದ್ದವನು ವಾಘೇಲಾ ದೊರೆ ಅರ್ಜುನದೇವ. ಜಾಗ ಕೊಡಿಸಲು ನೆರವಾದವನು ಊರಿನ ಮುಖಂಡ ಛಾಡ. ವ್ಯವಹಾರಕ್ಕೆ ಪಾಶುಪತ ಆಚಾರ್ಯರೂ ಊರಾಡಳಿತದ ಪಂಚಕುಲದವರೂ ಸಾಕ್ಷಿ. ಮಸೀದಿಯ ದೀಪ, ನೀರು, ಪ್ರಾರ್ಥನೆ ಮಾಡಿಸುವವನ ಖರ್ಚು ಇವಕ್ಕೆಲ್ಲ ಒಂದು ಎಣ್ಣೆಗಾಣ ಮತ್ತು ಎರಡು ಅಂಗಡಿಗಳ ಉತ್ಪನ್ನವನ್ನು ಬಿಟ್ಟರು. ಮಿಕ್ಕಿದ ಹಣ ಮೆಕ್ಕಾ ಮದೀನಾಗಳಿಗೆ ಹೋಗಬೇಕು. ನೋಡಿಕೊಳ್ಳುವ ಹೊಣೆ ನಾವಿಕರ, ಗಾಣಿಗರ, ಸುಣ್ಣದ ಕೆಲಸದವರ ಜಮಾತುಗಳದು. ಇದರ ಜೊತೆಯ ಅರಬ್ಬಿ ಶಾಸನ ಬೇರೆಯೇ ಇದೆ. ಆದರೂ ಸಂಸ್ಕೃತ ಬರೆದವನು ಹಿಜರಿಯನ್ನೇ ಮೊದಲಿಗಿಟ್ಟ.

ಒಂದು ದಿನಕ್ಕೆ ನಾಲ್ಕು ವರ್ಷ ಏಕೆ ಬೇಕಾಯಿತು? ನನಗನ್ನಿಸುವುದು ಇಷ್ಟು. ಆ ಕಲ್ಲನ್ನು ಓದಿ ಒಪ್ಪಬೇಕಾದವರು ಒಂದೇ ಲೆಕ್ಕದ ಜನರಾಗಿರಲಿಲ್ಲ. ದಾನ ಕೊಟ್ಟವನದು ಹಿಜರಿ. ಅರಮನೆಯದು ವಿಕ್ರಮ. ಊರವರದು ವಲಭೀ ಮತ್ತು ಸಿಂಹ. ಇವುಗಳಲ್ಲಿ ವಲಭೀ ಸಂವತ್ಸರದ ಕಥೆಯನ್ನಷ್ಟೇ ನೋಡಿ. 319ರಲ್ಲಿ ಗುಪ್ತರ ಹೆಸರಿನಲ್ಲಿ ಶುರುವಾದ ಲೆಕ್ಕ ಅದು; ವಲಭಿಯ ಮೈತ್ರಕರು ಮುಂದುವರಿಸಿದ್ದರಿಂದ ಅವರ ರಾಜಧಾನಿಯ ಹೆಸರು ಅಂಟಿಕೊಂಡಿತು. ಮೈತ್ರಕರ ಕೊನೆಯ ತಾಮ್ರಪಟದ ವರ್ಷ 447, ಅಂದರೆ 766. ಆಮೇಲೆ ಆ ವಂಶವೇ ಇಲ್ಲ. ಆದರೆ ಅವರ ವರ್ಷ ಇನ್ನೂ ಸುಮಾರು 500 ವರ್ಷ ನಡೆದು ಈ ಕಲ್ಲಿನ ಮೇಲೆ ಬಂದು ಕೂತಿದೆ.

ಚೀನಾದ ಅರಮನೆಯ ಕಣ್ಣಿಗೆ ಇಂಥ ಕಲ್ಲು ದ್ರೋಹವಾಗಿ ಕಾಣುತ್ತಿತ್ತು. ಅಲ್ಲಿ ವರ್ಷ ಚಕ್ರವರ್ತಿಯ ಸ್ವತ್ತು. ಹಾನ್ ವಂಶದ ವೂ ಚಕ್ರವರ್ತಿಯ ಕಾಲದಿಂದ ಆಳ್ವಿಕೆಯ ವರ್ಷಗಳಿಗೆ ಹೆಸರಿಡುವ ಪದ್ಧತಿ ನಿಂತಿತು. ಅವನ ಮೊದಲ ಹೆಸರಾದ ಜಿಯಾನ್‌ಯುವಾನ್ ಕ್ರಿ.ಪೂ. 140ರಿಂದ ಎಣಿಕೆಯಾಗುತ್ತದೆ. ಪುರಾತನವಾದ ಮೂರು ಕಾಲಿನ ಕಂಚಿನ ಪಾತ್ರೆಯೊಂದು ದೊರೆತರೆ ಅದು ಶುಭಶಕುನವೆಂದು ಹೊಸ ಹೆಸರು, ಪರ್ವತದಲ್ಲಿ ಯಜ್ಞ ಮಾಡಿದರೆ ಇನ್ನೊಂದು ಹೆಸರು. ಹೆಸರು ಬದಲಾದಾಗ ಎಣಿಕೆ ಮತ್ತೆ ಒಂದರಿಂದ ಶುರು. 690ರಿಂದ 705ರವರೆಗೆ ಸ್ವತಃ ಚಕ್ರವರ್ತಿಯಾಗಿ ಆಳಿದ ವೂ ಝೆತಿಯಾನ್ ಹದಿನೈದು ವರ್ಷದಲ್ಲಿ ಹತ್ತಕ್ಕೂ ಹೆಚ್ಚು ಸಲ ಹೆಸರು ಬದಲಿಸಿದಳು. 1368ರಲ್ಲಿ ಮಿಂಗ್ ವಂಶ ಬಂದ ಮೇಲೆ ಒಬ್ಬ ದೊರೆಗೆ ಒಂದೇ ಹೆಸರು ಎಂಬ ರೂಢಿ ಬಂತು. ನಾವು ಕಾಂಗ್‌ಶಿ ಚಕ್ರವರ್ತಿ ಎನ್ನುವುದು ಅವನ ಸ್ವಂತ ಹೆಸರಲ್ಲ, ಅವನು ಆಳಿದ 61 ವರ್ಷಗಳ ಹೆಸರು. ಚಕ್ರವರ್ತಿಯ ಪಂಚಾಂಗವನ್ನು ಒಪ್ಪುವುದೆಂದರೆ ಅವನಿಗೆ ಅಧೀನನಾದಂತೆ. ದಂಗೆ ಎದ್ದವನು ಮೊದಲು ಮಾಡುತ್ತಿದ್ದ ಕೆಲಸಗಳಲ್ಲಿ ಒಂದು, ತನ್ನದೇ ವರ್ಷನಾಮ ಘೋಷಿಸುವುದು.

ಚೀನಾದ ಈ ಪದ್ಧತಿಯಲ್ಲಿ ಬೆಳೆದ ಮನುಷ್ಯನೊಬ್ಬ ಗುಜರಾತಿನ ನೆಲವನ್ನೂ ಕನ್ನಡದ ದೊರೆಯ ರಾಜ್ಯವನ್ನೂ ತುಳಿದು ಹೋಗಿದ್ದಾನೆ. ಬೌದ್ಧ ಭಿಕ್ಷು ಹ್ಯುಯೆನ್ ತ್ಸಾಂಗ್ ಭಾರತದಲ್ಲಿ ಸುತ್ತಾಡಿದ್ದು ತಾಂಗ್ ವಂಶದ ತಾಯ್‌ಝೋಂಗ್‌ನ ಝೆನ್‌ಗುವಾನ್ ವರ್ಷಗಳಲ್ಲಿ. ಅವನು ಚಾಂಗ್‌ಆನ್ ನಗರಕ್ಕೆ ಮರಳಿದ್ದು ಝೆನ್‌ಗುವಾನ್ 19ರಲ್ಲಿ, ಅಂದರೆ 645ರಲ್ಲಿ. ಅವನು ಬಾದಾಮಿಯ ಇಮ್ಮಡಿ ಪುಲಕೇಶಿಯ ನಾಡನ್ನು ನೋಡಿದ, ಭರೂಚನ್ನು ನೋಡಿದ, ವಲಭಿಯಲ್ಲಿ ಹರ್ಷನ ಅಳಿಯನಾಗಿದ್ದ ದೊರೆಯ ಬಗ್ಗೆ ಬರೆದ. 640ನೇ ಇಸವಿ ಚೀನಾದಲ್ಲಿ ಝೆನ್‌ಗುವಾನ್ 14. ವಲಭಿಯವರ ಲೆಕ್ಕದಲ್ಲಿ ಅದು ಸುಮಾರು 321, ಬಾದಾಮಿಯಲ್ಲಿ ಶಕ 562. ಪುಲಕೇಶಿಯ ಆಸ್ಥಾನಕವಿ ರವಿಕೀರ್ತಿ ಐಹೊಳೆಯ ಮೇಗುತಿ ಬಸದಿಯಲ್ಲಿ ಶಕ 556 ಎಂದು ಕೆತ್ತಿಸುವಾಗ ಭಾರತ ಯುದ್ಧದಿಂದ 3735 ವರ್ಷ ಕಳೆದಿವೆ ಎಂದೂ ಸೇರಿಸಿದ. ಪುಲಕೇಶಿಯಂಥ ಪರಾಕ್ರಮಿಯ ಪ್ರಶಸ್ತಿಯಲ್ಲೂ ಕಾಲ ಪುಲಕೇಶಿಯಿಂದ ಶುರುವಾಗುವುದಿಲ್ಲ. ದೊರೆ ದೊಡ್ಡವನು, ಎಣಿಕೆ ಅವನಿಗಿಂತ ಹಳೆಯದು.

ಗುಜರಾತಿನ ದಕ್ಷಿಣ ಭಾಗ, ಆಗಿನ ಲಾಟ ದೇಶ, ಈ ಮಾತಿಗೆ ಒಳ್ಳೆಯ ಸಾಕ್ಷಿ. ಬಾದಾಮಿ ಚಾಲುಕ್ಯರ ಒಂದು ಶಾಖೆ ನವಸಾರಿಯಿಂದ ಆಳುತ್ತಿತ್ತು. ಅರಬ್ ಸೈನ್ಯವನ್ನು ಹಿಮ್ಮೆಟ್ಟಿಸಿದ ಅವನಿಜನಾಶ್ರಯ ಪುಲಕೇಶಿಯ ನವಸಾರಿ ತಾಮ್ರಪಟದ ವರ್ಷ 490. ಅದು ಬಾದಾಮಿಯ ಶಕ ವರ್ಷವಲ್ಲ. ಆ ಪ್ರದೇಶದಲ್ಲಿ ಮೊದಲಿನಿಂದ ನಡೆದು ಬಂದ ಕಲಚುರಿ ಲೆಕ್ಕ, ಅಂದರೆ 739. ಗೆದ್ದು ಬಂದವರು ಅಲ್ಲಿನ ಜನರ ವರ್ಷಕ್ಕೇ ತಲೆಬಾಗಿದರು. ರಾಷ್ಟ್ರಕೂಟರು ಮಾತ್ರ ಹಾಗೆ ಮಾಡಲಿಲ್ಲ, ಶಕ ವರ್ಷವನ್ನು ಜೊತೆಗೇ ತಂದರು. ಗುಜರಾತ್ ಶಾಖೆಯ ಕರ್ಕ ಸುವರ್ಣವರ್ಷನ ತಾಮ್ರಪಟ ಶಕ 734ರದು, ಎಂದರೆ 812. ಅಂಕೋಟ್ಟಕಕ್ಕೆ ಸೇರಿದ 84 ಹಳ್ಳಿಗಳಲ್ಲಿ ವಡಪದ್ರಕ ಎಂಬ ಒಂದನ್ನು ವಲಭಿಯಿಂದ ಬಂದ ಭಾನು ಎಂಬ ಬ್ರಾಹ್ಮಣನಿಗೆ ಕೊಟ್ಟದ್ದು ಅದರ ವಿಷಯ. ಅಂಕೋಟ್ಟಕ ಈಗಿನ ಅಕೋಟಾ. ವಡಪದ್ರಕ ಈಗಿನ ವಡೋದರಾ. ಮುಂದೆ ಗಾಯಕವಾಡ ದೊರೆಗಳದಾದ ಈ ನಗರ ಚರಿತ್ರೆಯಲ್ಲಿ ಮೊದಲು ಹೆಸರು ಪಡೆದದ್ದು ಹೀಗೆ, ಮಾನ್ಯಖೇಟದ ಮನೆತನದ ಕೈಯಿಂದ, ಶಕ ವರ್ಷದಲ್ಲಿ. ಚಿಕ್ಕವನಾಗಿದ್ದ ರಾಷ್ಟ್ರಕೂಟ ದೊರೆ ಅಮೋಘವರ್ಷನನ್ನು ಇದೇ ಕರ್ಕ ದಂಗೆಕೋರರಿಂದ ಕಾಪಾಡಿ ಸಿಂಹಾಸನದಲ್ಲಿ ನಿಲ್ಲಿಸಿದವನು. ಅಂದರೆ ಕವಿರಾಜಮಾರ್ಗ ಹುಟ್ಟಿದ ಆಸ್ಥಾನ ಉಳಿದದ್ದರಲ್ಲಿ ಗುಜರಾತಿನ ಈ ಕರ್ಕನ ಪಾಲೂ ಇದೆ. ಇದನ್ನು ನಮ್ಮ ಪಠ್ಯಗಳು ಇನ್ನಷ್ಟು ಒತ್ತಿ ಹೇಳಬೇಕಿತ್ತು.

ರಾಷ್ಟ್ರಕೂಟರು ಹೋದರು, ಪಾಟಣದ ಸೋಲಂಕಿಗಳು ಬಂದರು, ವಿಕ್ರಮ ಸಂವತ್ ಬಂತು. ಇಲ್ಲಿಂದ ಮುಂದೆ ಕಥೆಗೆ ಕನ್ನಡದ ಹೆಣ್ಣುಮಗಳೊಬ್ಬಳು ಸೇರುತ್ತಾಳೆ.

1076ರಲ್ಲಿ ಕಲ್ಯಾಣದ ಆರನೆಯ ವಿಕ್ರಮಾದಿತ್ಯ ಸಿಂಹಾಸನ ಏರಿದ. ಅಣ್ಣ ಸೋಮೇಶ್ವರನನ್ನು ಇಳಿಸಿ ಪಟ್ಟ ಹಿಡಿದವನು ಅವನು. ಪಟ್ಟದ ಜೊತೆ ಶಕ ವರ್ಷವನ್ನೂ ಬದಿಗೆ ಸರಿಸಿದ. ಶಕವನ್ನು ಅಳಿಸಿ ವಿಕ್ರಮವರ್ಷವನ್ನು ನಿಲ್ಲಿಸಿದನೆಂದು ಅವನ ಕಾಲದ ಶಾಸನವೇ ಹೊಗಳುತ್ತದೆ. ನಳ ಸಂವತ್ಸರ ಚಾಳುಕ್ಯ ವಿಕ್ರಮ ಕಾಲದ ಒಂದನೆಯ ವರ್ಷವಾಯಿತು. ಚೀನಾಕ್ಕೆ ತೀರ ಹತ್ತಿರ ಬಂದ ಭಾರತೀಯ ಪದ್ಧತಿ ಯಾವುದೆಂದರೆ ನಾನು ಇದನ್ನೇ ತೋರಿಸುತ್ತೇನೆ. ಅಲ್ಲಿ ಚಕ್ರವರ್ತಿಯ ವರ್ಷನಾಮದ ಪಕ್ಕದಲ್ಲಿ ಅರವತ್ತು ವರ್ಷಗಳ ಚಕ್ರದ ಹೆಸರು ಬರುತ್ತದೆ. ಇಲ್ಲಿಯೂ ಚಾಳುಕ್ಯ ವಿಕ್ರಮ ವರ್ಷ ಇಷ್ಟನೆಯ ಇಂಥ ಸಂವತ್ಸರ ಎಂದು ಎರಡೂ ಜೋಡಿಯಾಗಿ ಬರುತ್ತವೆ. ಗದಗ, ಧಾರವಾಡ, ಕಲಬುರಗಿ ಕಡೆಯ ಎಷ್ಟೋ ಊರಿನ ಗುಡಿಯ ಕಲ್ಲುಗಳಲ್ಲಿ ಈ ಜೋಡಿಯನ್ನು ಕಾಣಬಹುದು.

ಅದೇ ಹೊತ್ತಿಗೆ ಗೋವೆಯಲ್ಲಿ ಕದಂಬರ ಜಯಕೇಶಿ ಇದ್ದ. ಅವನ ಮಗಳು ಮಯಣಲ್ಲದೇವಿ ಸೋಲಂಕಿ ಕರ್ಣನ ಕೈಹಿಡಿದು ಪಾಟಣಕ್ಕೆ ಹೋದಳು. ಗುಜರಾತಿಗರ ಬಾಯಲ್ಲಿ ಅವಳು ಮೀನಳದೇವಿ. ಅಹಮದಾಬಾದಿಗೆ ಹತ್ತಿರದ ಧೋಳ್ಕಾದ ಮಲಾವ್ ಕೆರೆ ಅವಳದೇ ಎಂದು ಜನ ಹೇಳುತ್ತಾರೆ. ಕೆರೆಯ ದಂಡೆಯಲ್ಲಿ ಒಬ್ಬ ಹೆಂಗಸು ಮನೆ ಮಾರಲು ಒಪ್ಪಲಿಲ್ಲವಂತೆ. ರಾಣಿ ಬಲವಂತ ಮಾಡದೆ ಕೆರೆಯ ಆಕಾರವನ್ನೇ ಓರೆಯಾಗಿ ಬಿಟ್ಟಳಂತೆ. ನ್ಯಾಯ ನೋಡಬೇಕಿದ್ದರೆ ಮಲಾವ್ ನೋಡು ಎಂಬ ಮಾತು ಅಲ್ಲಿ ಉಳಿದಿದೆ. ಸೋಮನಾಥಕ್ಕೆ ಹೋಗುವ ಯಾತ್ರಿಕರಿಂದ ಬಾಹುಲೋಡದಲ್ಲಿ ವಸೂಲು ಮಾಡುತ್ತಿದ್ದ ತೆರಿಗೆಯನ್ನು ಮಗನಿಂದ ರದ್ದು ಮಾಡಿಸಿದಳೆಂಬ ಕಥೆಯನ್ನು ಮೇರುತುಂಗ ತನ್ನ ಪ್ರಬಂಧಚಿಂತಾಮಣಿಯಲ್ಲಿ ಬರೆದಿಟ್ಟಿದ್ದಾನೆ. ಆ ಮಗನೇ ಸಿದ್ಧರಾಜ ಜಯಸಿಂಹ. ಜೈನ ಪಂಡಿತ ಹೇಮಚಂದ್ರನ ವ್ಯಾಕರಣಕ್ಕೆ ತನ್ನ ಹೆಸರು ಸೇರಿಸಿಕೊಂಡ, ಗುಜರಾತಿನ ಅತ್ಯಂತ ಹೆಸರಾದ ದೊರೆ.

ವೇರಾವಳದ ಕಲ್ಲಿನ ಸಿಂಹ ಸಂವತ್ ಬಹುಮಟ್ಟಿಗೆ ಅವನದೆಂದು ಹಲವರ ಅಭಿಪ್ರಾಯ. ಮಾಂಗ್ರೋಳದ ಶಾಸನದಲ್ಲಿ ವಿಕ್ರಮ 1202ಕ್ಕೆ ಸಿಂಹ 32. ಎರಡನೆಯ ಭೀಮದೇವನ ತಾಮ್ರಪಟದಲ್ಲಿ ವಿಕ್ರಮ 1266ಕ್ಕೆ ಸಿಂಹ 96. ಹಿಂದಕ್ಕೆ ಎಣಿಸಿದರೆ ಎಲ್ಲವೂ 1113-14ಕ್ಕೆ ಹೋಗಿ ಸೇರುತ್ತವೆ. ಜಯಸಿಂಹ ಸೋರಠದ, ಅಂದರೆ ಸೌರಾಷ್ಟ್ರದ, ದೊರೆ ಖೇಂಗಾರನನ್ನು ಸೋಲಿಸಿದ್ದು ಅದರ ಆಸುಪಾಸಿನಲ್ಲೇ. ಆದರೆ ಇತಿಹಾಸಕಾರ ಕರ್ನಲ್ ಟಾಡ್ ಈ ಶಕೆಯನ್ನು ದೀವ್ ದ್ವೀಪದ ಗೋಹಿಲರಿಗೆ ಕೊಟ್ಟ. ಭಗವಾನ್‌ಲಾಲ್ ಇಂದ್ರಜಿ ಇನ್ನೊಬ್ಬ ಸಿಂಹನನ್ನು ಹುಡುಕಿದರು. ಅವರ ಅನುಮಾನಕ್ಕೆ ಆಧಾರ ಗಟ್ಟಿಯಾಗಿಯೇ ಇದೆ. ಜಯಸಿಂಹನ ವಂಶದವರು ತಮ್ಮ ದಾನಪತ್ರಗಳಲ್ಲಿ ಹೆಚ್ಚಾಗಿ ವಿಕ್ರಮ ಸಂವತ್ತನ್ನೇ ಬರೆದರು. ಸಿಂಹ ಸಂವತ್ ಸೌರಾಷ್ಟ್ರ ಬಿಟ್ಟು ಆಚೆಗೆ ಹೆಚ್ಚು ಹೋಗಲಿಲ್ಲ.

ನನಗೆ ಇಲ್ಲಿ ಜಯಸಿಂಹನ ತಾಯಿಯ ತವರು ಬಿಡದೆ ನೆನಪಾಗುತ್ತದೆ. ಮೀನಳದೇವಿಯ ತವರಿನಲ್ಲಿ ಮುಂದೆ ಪಟ್ಟಕ್ಕೆ ಬಂದ ಎರಡನೆಯ ಜಯಕೇಶಿ ಮದುವೆಯಾದದ್ದು ಆರನೆಯ ವಿಕ್ರಮಾದಿತ್ಯನ ಮಗಳು ಮೈಲಲದೇವಿಯನ್ನು. ಕಲ್ಯಾಣದಲ್ಲಿ ದೊರೆ ತನ್ನದೇ ವರ್ಷ ನಡೆಸುತ್ತಿದ್ದಾನೆ ಎಂಬುದು ಗೋವೆಯ ಮನೆಯಲ್ಲಿ ನಿತ್ಯದ ಸಂಗತಿ. ಅದು ಪಾಟಣದ ಅಂತಃಪುರಕ್ಕೆ ತಿಳಿಯದೆ ಇದ್ದೀತೆ? ಇದು ನನ್ನ ಊಹೆ, ಇದನ್ನು ಹೇಳುವ ಶಾಸನವಿಲ್ಲ. ಆದರೂ ಒಂದೇ ಬಂಧುಬಳಗದ ಎರಡು ತುದಿಯಲ್ಲಿ, ಮೂವತ್ತೆಂಟು ವರ್ಷದ ಅಂತರದಲ್ಲಿ, ಇಬ್ಬರು ಸಮಕಾಲೀನ ದೊರೆಗಳ ಹೆಸರಿನಲ್ಲಿ ಹೊಸ ಶಕೆ ಹುಟ್ಟಿದ್ದನ್ನು ಬರೀ ಆಕಸ್ಮಿಕವೆಂದು ತಳ್ಳಿಹಾಕಲು ನನಗೆ ಮನಸ್ಸಾಗದು.

ಎರಡರ ಪಾಡೂ ಒಂದೇ ಆಯಿತು, ಯಾವುದೂ ಬೇರೂರಲಿಲ್ಲ. ವಿಕ್ರಮಾದಿತ್ಯ 1126ರಲ್ಲಿ ತೀರಿಕೊಂಡ. ಮಗ ಸೋಮೇಶ್ವರನೂ ಆಮೇಲಿನವರೂ ಕೆಲಕಾಲ ಆ ಲೆಕ್ಕವನ್ನು ಎಳೆದಾಡಿದರು. ಕೊನೆಗೆ ಕನ್ನಡ ನಾಡು ಶಕ ವರ್ಷಕ್ಕೇ ಮರಳಿತು. ಶಕೆ ಶುರುಮಾಡುವುದು ಎಷ್ಟು ದೊಡ್ಡ ಕೆಲಸವೆಂದು ಗುಜರಾತಿನ ಜೈನ ಪ್ರಬಂಧಕಾರರಿಗೆ ಗೊತ್ತಿತ್ತು. ಜಯಸಿಂಹನ ನಂತರ ಬಂದ ಕುಮಾರಪಾಲ ತನ್ನ ಕೀರ್ತಿ ಕಲ್ಪಾಂತದವರೆಗೆ ಉಳಿಯಲು ಏನು ಮಾಡಲಿ ಎಂದು ಹೇಮಚಂದ್ರನನ್ನು ಕೇಳಿದನಂತೆ. ವಿಕ್ರಮ ಸಂವತ್ ಶುರುಮಾಡಿದನೆನ್ನುವ ಹಳೆಯ ಕಥೆಯ ವಿಕ್ರಮಾದಿತ್ಯನ ಹಾಗೆ ಲೋಕದ ಸಾಲವನ್ನೆಲ್ಲ ತೀರಿಸು, ಇಲ್ಲವೇ ಸೋಮನಾಥನ ಗುಡಿಯನ್ನು ಕಲ್ಲಿನಲ್ಲಿ ಕಟ್ಟಿಸು ಎಂದು ಉತ್ತರ ಬಂತು. ಕುಮಾರಪಾಲ ಗುಡಿ ಕಟ್ಟಿಸಿದ. ವ್ಯಾಪಾರಿಗಳ ನಾಡಿನಲ್ಲಿ ಹುಟ್ಟಬಹುದಾದ ಕಥೆಯೇ ಸರಿ. ಸಾಲದ ಪತ್ರದ ಮೇಲಿನ ತಾರೀಖು ಬದಲಾದರೆ ಬಡ್ಡಿ ಎಲ್ಲಿಂದ ಎಣಿಸಬೇಕು? ಹೊಸ ಶಕೆ ಬೇಕಾದ ದೊರೆ ಮೊದಲು ಹಳೆಯ ಸಾಲ ಚುಕ್ತಾ ಮಾಡಲಿ. ಭಾರತದಲ್ಲಿ ದೊರೆಯ ವರ್ಷ ಉಳಿಯಬೇಕಾದರೆ ದೊರೆಯ ಅಪ್ಪಣೆ ಸಾಲದು, ಪುರೋಹಿತನಿಗೋ ಸಾಹುಕಾರನಿಗೋ ಅದು ಬೇಕಾಗಿರಬೇಕು. ಅವರಿಗೆ ಬೇಕಿದ್ದರೆ ದೊರೆ ಇಲ್ಲದೆಯೂ ವರ್ಷ ನಡೆಯುತ್ತದೆ.

ಇದಕ್ಕೆ ಸೂರತ್, ನವಸಾರಿ, ಉದ್ವಾಡಾಗಳ ಪಾರ್ಸಿಗಳಿಗಿಂತ ದೊಡ್ಡ ನಿದರ್ಶನ ನನಗೆ ತಿಳಿದಂತೆ ಇಲ್ಲ. ಇರಾನಿನ ಕೊನೆಯ ಸಸಾನಿಯನ್ ದೊರೆ ಮೂರನೆಯ ಯಜ್ದಗರ್ದ್ 632ರಲ್ಲಿ ಪಟ್ಟಕ್ಕೆ ಬಂದ. ಅಲ್ಲಿ ಪ್ರತಿ ದೊರೆಯ ಪಟ್ಟದಿಂದ ಹೊಸ ಎಣಿಕೆ. ಅರಬ್ಬರ ದಾಳಿಯಲ್ಲಿ ರಾಜ್ಯ ಕಳೆದುಕೊಂಡು ಅವನು 651ರಲ್ಲಿ ಮರ್ವ್ ಹತ್ತಿರ ಕೊಲೆಯಾದ. ಮಗ ಪೆರೋಜ್ ಪೂರ್ವಕ್ಕೆ ಓಡಿ ತಾಂಗ್ ಚಕ್ರವರ್ತಿಯ ಆಶ್ರಯ ಬೇಡಿದ, ಚೀನಾದ ಪದವಿ ಪಡೆದ, ಕೊನೆಗೆ ಚಾಂಗ್‌ಆನ್ ಸೇರಿದ. ಸಸಾನಿಯನ್ ರಾಜಕುಮಾರ ಚೀನಾದ ವರ್ಷನಾಮಗಳಲ್ಲಿ ತನ್ನ ದಿನ ಎಣಿಸಬೇಕಾಯಿತು. ಹೊಸ ದೊರೆ ಪಟ್ಟಕ್ಕೆ ಬರಲಿಲ್ಲವಾದ್ದರಿಂದ ಜರತುಷ್ಟ್ರನ ಅನುಯಾಯಿಗಳು ಯಜ್ದಗರ್ದನ ವರ್ಷವನ್ನು ನಿಲ್ಲಿಸಲಿಲ್ಲ. ಗುಜರಾತಿನ ತೀರಕ್ಕೆ ಬಂದಾಗಲೂ ಅದನ್ನು ಜೊತೆಗೆ ತಂದರು. 2025ರ ಆಗಸ್ಟ್‌ನಲ್ಲಿ ಅವರಿಗೆ ಯಜ್ದಗರ್ದಿ 1395 ಆರಂಭವಾಯಿತು. ಸತ್ತ ದೊರೆಯ ಆಳ್ವಿಕೆ ಅಗ್ನಿಮಂದಿರದ ಪಂಚಾಂಗದಲ್ಲಿ ಇನ್ನೂ ಮುಗಿದಿಲ್ಲ.

ಚೀನಾದ ಕಡೆಯೂ ಇಂಥದೊಂದು ನಿಷ್ಠೆ ನಡೆದಿದೆ. 1644ರಲ್ಲಿ ಮಿಂಗ್ ವಂಶದ ಕೊನೆಯ ಚಕ್ರವರ್ತಿ ಬೀಜಿಂಗ್‌ನಲ್ಲಿ ನೇಣು ಹಾಕಿಕೊಂಡ. ಮಂಚೂ ದೊರೆಗಳು ಬಂದರು. ಕೊರಿಯಾದ ವಿದ್ವಾಂಸರು ಹೊಸಬರ ವರ್ಷವನ್ನು ಸರ್ಕಾರಿ ಕಾಗದಗಳಲ್ಲಷ್ಟೇ ಬರೆದು, ತಮ್ಮ ಪುಸ್ತಕಗಳಲ್ಲೂ ಸಮಾಧಿಗಳ ಕಲ್ಲುಗಳಲ್ಲೂ ಸತ್ತ ಚಕ್ರವರ್ತಿಯ ಚೋಂಗ್‌ಝೆನ್ ವರ್ಷವನ್ನೇ ನೂರಕ್ಕೂ ಹೆಚ್ಚು ವರ್ಷ ಮುಂದುವರಿಸಿದರು.

ಪಾರ್ಸಿಗಳ ಈ ವರ್ಷದ ಮೇಲೆ ಸೂರತ್ತಿನಲ್ಲಿ ದೊಡ್ಡ ಜಗಳವೂ ಆಯಿತು. ಇರಾನಿನ ಕೆರ್ಮಾನದಿಂದ ಜಾಮಾಸ್ಪ್ ಎಂಬ ದಸ್ತೂರ್, ಅಂದರೆ ಹಿರಿಯ ಪುರೋಹಿತ, ಹದಿನೆಂಟನೆಯ ಶತಮಾನದ ಆರಂಭದಲ್ಲಿ ಸೂರತ್ತಿಗೆ ಬಂದಾಗ ಇಲ್ಲಿಯ ಪಂಚಾಂಗ ಇರಾನಿನದಕ್ಕಿಂತ ಒಂದು ತಿಂಗಳು ಹಿಂದಿರುವುದನ್ನು ಕಂಡ. ಗುಜರಾತಿನಲ್ಲಿ ಹಿಂದೊಮ್ಮೆ ಒಂದು ಅಧಿಕಮಾಸ ಸೇರಿಸಿದ್ದರ ಫಲ ಅದು. ಯಾವ ದಿನದ ಪ್ರಾರ್ಥನೆಯಲ್ಲಿ ಯಾವ ದೇವತೆಯ ಹೆಸರು ಹೇಳಬೇಕೆಂಬುದು ತಿಂಗಳ ಮೇಲೆ ನಿಂತಿದೆ, ಆದ್ದರಿಂದ ಇದು ಸಣ್ಣ ವಿಷಯವಲ್ಲ. 1745ರಲ್ಲಿ ಒಂದು ಪಂಗಡ ಇರಾನಿನ ಲೆಕ್ಕ ಹಿಡಿದು ಕದ್ಮಿಗಳಾದರು, ಉಳಿದವರು ಶಹನ್‌ಶಾಹಿಗಳಾಗಿ ಉಳಿದರು. ಮೊಘಲರು, ಮರಾಠರು, ಇಂಗ್ಲಿಷರು ಸೂರತ್ತಿಗಾಗಿ ಹೊಡೆದಾಡುತ್ತಿದ್ದ ಶತಮಾನದಲ್ಲಿ ಪಾರ್ಸಿ ಮನೆಗಳಲ್ಲಿ ನಡೆದ ವಾದ ಸಾವಿರ ವರ್ಷದ ಹಿಂದಿನ ದೊರೆಯ ತಿಂಗಳು ಯಾವುದೆಂಬುದರ ಮೇಲೆ.

ದೊರೆ ತನ್ನ ವರ್ಷವನ್ನು ಪ್ರಜೆಗಳ ಕೈಗೆ ಒತ್ತಾಯದಿಂದ ಕೊಡಬಲ್ಲ ಜಾಗ ಒಂದೇ, ನಾಣ್ಯ. ಅಕ್ಬರ್ 1572-73ರಲ್ಲಿ ಗುಜರಾತ್ ಗೆದ್ದ. 1584ರಲ್ಲಿ ಇಲಾಹಿ ಎಂಬ ತನ್ನದೇ ಸಂವತ್ಸರ ಜಾರಿಗೆ ತಂದು ಅದನ್ನು 1556ರ ತನ್ನ ಪಟ್ಟಾಭಿಷೇಕದಿಂದ ಎಣಿಸಲು ಹೇಳಿದ. ಲೆಕ್ಕ ಕಟ್ಟಿಕೊಟ್ಟವನು ಫತ್‌ಹುಲ್ಲಾ ಶೀರಾಜಿ. ಚಾಂದ್ರಮಾನ ಬಿಟ್ಟು ಸೌರಮಾನ ಹಿಡಿದದ್ದರಿಂದ ಸುಗ್ಗಿಗೂ ಕಂದಾಯಕ್ಕೂ ಹೊಂದಿಕೆಯಾಯಿತು. ಅಹಮದಾಬಾದಿನ ಟಂಕಸಾಲೆ ಇಲಾಹಿ ತಿಂಗಳಿನ ಹೆಸರು ಹೊತ್ತ ಬೆಳ್ಳಿ ರೂಪಾಯಿಗಳನ್ನು ಹೇರಳವಾಗಿ ಹೊಡೆಯಿತು. ಜಹಾಂಗೀರ್ 1618ರಲ್ಲಿ ಗುಜರಾತಿನಲ್ಲಿದ್ದ. ಅಹಮದಾಬಾದಿನ ಧೂಳು ಅವನಿಗೆ ಸ್ವಲ್ಪವೂ ಹಿಡಿಸಲಿಲ್ಲ, ಊರನ್ನು ಗರ್ದಾಬಾದ್ ಎಂದು ಬೈದು ಬರೆದ. ಆದರೆ ತಿಂಗಳ ಹೆಸರಿನ ಬದಲು ಆ ತಿಂಗಳ ರಾಶಿಯ ಚಿತ್ರ ಹಾಕಬೇಕೆಂಬ ಅವನ ಆಲೋಚನೆಯಿಂದ ಮೊಘಲ್ ನಾಣ್ಯಗಳಲ್ಲೇ ಅತ್ಯಂತ ಚೆಲುವಾದವು ಹುಟ್ಟಿದವು. ಫರ್ವರ್ದೀನ್ ತಿಂಗಳಿಗೆ ಟಗರು, ಅದರ ಮುಂದಿನದಕ್ಕೆ ಗೂಳಿ. ಬೆಳ್ಳಿಯವು ಹೆಚ್ಚಾಗಿ ಅಹಮದಾಬಾದಿನಲ್ಲೇ ಅಚ್ಚಾದವು.

ಔರಂಗಜೇಬ ಬಂದೊಡನೆ ಇಲಾಹಿ ಹೋಯಿತು. ಹಿಜರಿ ಮತ್ತು ಪಟ್ಟವೇರಿದಲ್ಲಿಂದ ಎಣಿಸುವ ಜುಲೂಸ್ ವರ್ಷ ಮಾತ್ರ ಉಳಿದವು. ನಮ್ಮ ಕಡೆ ಟಿಪ್ಪು ಸುಲ್ತಾನನೂ 1787ರ ಹೊತ್ತಿಗೆ ಪ್ರವಾದಿಯ ಜನ್ಮದಿಂದ ಎಣಿಸುವ ಮೌಲೂದಿ ವರ್ಷ ತಂದು, ನಾಣ್ಯದ ಮೇಲೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1799ರ ಮೇ 4ರಂದು ಶ್ರೀರಂಗಪಟ್ಟಣದ ಜೊತೆ ಅದೂ ಮುಗಿಯಿತು. ಎರಡು ಬಾರಿ ಸೂರತ್ತನ್ನು ಕೊಳ್ಳೆ ಹೊಡೆದ ಶಿವಾಜಿ 1674ರಲ್ಲಿ ರಾಜ್ಯಾಭಿಷೇಕ ಶಕ ಶುರುಮಾಡಿದ. ಆದರೆ 1753ರಲ್ಲಿ ಅಹಮದಾಬಾದ್ ಮರಾಠರ ಕೈಗೆ ಬಂದಾಗ ಟಂಕಸಾಲೆಯ ಅಚ್ಚಿನಲ್ಲಿ ಅವರು ಒಂದು ಅಂಕುಶದ ಗುರುತು ಸೇರಿಸಿದರೇ ಹೊರತು ಮೊಘಲ್ ಬಾದಶಹನ ಹೆಸರನ್ನೂ ವರ್ಷವನ್ನೂ ಕಿತ್ತುಹಾಕಲಿಲ್ಲ. ಪೇಟೆ ನಂಬಿದ ನಾಣ್ಯವನ್ನು ಕೆಡಿಸಲು ಯಾರಿಗೆ ಧೈರ್ಯ?

ಜುಲೂಸ್ ವರ್ಷದಿಂದ ನಾಣ್ಯ ಬದಲಿಸಿಕೊಡುವ ಶರಾಫರಿಗೆ ಒಂದು ವರಮಾನವಿತ್ತು. ಈ ವರ್ಷದ ರೂಪಾಯಿಗೆ ಪೂರ್ತಿ ಬೆಲೆ. ಕಳೆದ ವರ್ಷದ್ದಕ್ಕೆ, ಬೆಳ್ಳಿ ಅಷ್ಟೇ ಇದ್ದರೂ, ವಟ್ಟ ಮುರಿದುಕೊಳ್ಳುವುದು. ಬಂಗಾಳದಲ್ಲಿ ಇದರ ಕಾಟ ಹೆಚ್ಚಾದಾಗ ಈಸ್ಟ್ ಇಂಡಿಯಾ ಕಂಪನಿ ಎರಡನೆಯ ಶಾ ಆಲಂನ 19ನೇ ವರ್ಷವನ್ನು ಅಚ್ಚಿನಲ್ಲಿ ನಿಲ್ಲಿಸಿಬಿಟ್ಟಿತು. ಆಮೇಲೆ ಎಷ್ಟು ವರ್ಷ ಕಳೆದರೂ ರೂಪಾಯಿಯ ಮೇಲೆ 19. ಸೂರತ್ ಹೆಸರಿನ ರೂಪಾಯಿಯಲ್ಲಿ 46ನೇ ವರ್ಷ ಹೀಗೆಯೇ ನಿಂತಿತು. ಶಾ ಆಲಂ 1806ರಲ್ಲಿ ದೆಹಲಿಯಲ್ಲಿ, ಕಣ್ಣು ಕಳೆದುಕೊಂಡ ಮುದುಕನಾಗಿ ತೀರಿಕೊಂಡ. ಅವನ 46ನೇ ವರ್ಷ ಮುಂಬಯಿಯ ಯಂತ್ರಗಳಲ್ಲಿ ಸೂರತ್ತಿನ ಹೆಸರಿನೊಂದಿಗೆ ಅಚ್ಚಾಗುತ್ತಲೇ ಇತ್ತು. 1835ರಲ್ಲಿ ಕಂಪನಿ ನಾಲ್ಕನೆಯ ವಿಲಿಯಂ ದೊರೆಯ ತಲೆ ಇರುವ ಒಂದೇ ರೂಪಾಯಿಯನ್ನು ಭಾರತಕ್ಕೆಲ್ಲ ತಂದು ಕ್ರಿಸ್ತವರ್ಷ ಬರೆಯಿತು.

ವಡೋದರಾದ ಗಾಯಕವಾಡರು ಮಾತ್ರ ತಮ್ಮ ಬಾಬಾಶಾಹಿ ರೂಪಾಯಿಯನ್ನು ಬಿಡಲಿಲ್ಲ. 1857ರವರೆಗೆ ಅದರ ಮೇಲೂ ಮೊಘಲ್ ಹೆಸರೇ. ದೆಹಲಿಯ ಗಾದಿ ಹೋದ ಮೇಲೆ ಯಾವ ವರ್ಷ ಹಾಕಬೇಕು? ಮೂರನೆಯ ಸಯಾಜಿರಾವ್ ಯಂತ್ರದಲ್ಲಿ ಅಚ್ಚು ಹಾಕಿಸಿದ ನಾಣ್ಯಗಳಲ್ಲಿ ಅವರ ಮುಖವಿದೆ, ನಾಗರಿಯಲ್ಲಿ ಅವರ ಹೆಸರಿದೆ, ಸೇನಾ ಖಾಸ್‌ಖೇಲ್ ಶಂಶೇರ್ ಬಹಾದ್ದೂರ್ ಎಂಬ ಬಿರುದಿದೆ. ಶಾಲೆ, ಗ್ರಂಥಾಲಯ, ಕಡ್ಡಾಯ ಶಿಕ್ಷಣ ಎಂದು ಎಲ್ಲದರಲ್ಲೂ ಹೊಸದನ್ನು ತಂದ ಆ ಮಹಾರಾಜರು ವರ್ಷದ ವಿಷಯದಲ್ಲಿ ಹೊಸದೇನನ್ನೂ ಹುಟ್ಟಿಸಲಿಲ್ಲ. ಇಂಗ್ಲೆಂಡಿನ ರಾಣಿಯ ವರ್ಷ ಅಲ್ಲಿಲ್ಲ, ಮರಾಠರ ರಾಜ್ಯಾಭಿಷೇಕ ಶಕವಿಲ್ಲ, ಸಯಾಜಿರಾವ್ ಪಟ್ಟಕ್ಕೆ ಬಂದ ಲೆಕ್ಕವೂ ಇಲ್ಲ. ಇರುವುದು ವಿಕ್ರಮ ಸಂವತ್ 1940, 1950ರ ಆಸುಪಾಸಿನ ಅಂಕಿಗಳು. ದೀಪಾವಳಿಯ ಮಾರನೆಯ ದಿನ ಅಹಮದಾಬಾದಿನ ಮಾಣೇಕ್ ಚೌಕದ ಸಾಹುಕಾರ ಕೆಂಪು ಬಟ್ಟೆಯ ರಟ್ಟಿನ ಹೊಸ ಚೋಪಡಾ ಎಂಬ ಲೆಕ್ಕದ ಪುಸ್ತಕ ತೆರೆದು ಶ್ರೀ ಬರೆದು ಅದರ ಕೆಳಗೆ ಬರೆಯುತ್ತಿದ್ದ ಸಂವತ್ತೂ ಅದೇ.